ಕ್ರಿ.ಶ.ದಲ್ಲಿರುವ ಆ ‘ಶ’ ಯಾರು?

ವಿಜಯನಗರ ಸ್ಥಾಪನೆ ಕ್ರಿ.ಶ. 1336 ಅಂತ ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ‘ಕ್ರಿ’ ಅಂದರೆ ಕ್ರಿಸ್ತ, ಅದು ಗೊತ್ತು. ‘ಶ’ ಅಂದರೆ? ಶಕ. ಸರಿ, ಶಕ ಅಂದರೆ? ಕಾಲ, ಯುಗ, ವರ್ಷದ ಲೆಕ್ಕ ಅಂತ ಹೇಳಿ ಮುಂದೆ ಹೋಗುತ್ತೇವೆ. ನಾನೂ ಬಹಳ ವರ್ಷ ಹಾಗೇ ತಿಳಿದುಕೊಂಡಿದ್ದೆ.

ಆದರೆ ಶಕ ಅನ್ನುವುದು ಮೊದಲು ಕಾಲದ ಹೆಸರಲ್ಲ. ಅದು ಒಂದು ಜನದ ಹೆಸರು. ಕುದುರೆ ಬೆನ್ನ ಮೇಲೆ ಬದುಕಿದ, ಬಿಲ್ಲು ಹಿಡಿದ, ಚೂಪು ಟೋಪಿ ಹಾಕಿದ ಜನ. ಮಂಗೋಲಿಯಾದ ಅಂಚಿನಿಂದ ಕಪ್ಪು ಸಮುದ್ರದವರೆಗೆ ಹಬ್ಬಿರುವ ಹುಲ್ಲುಗಾವಲೇ ಅವರ ಮನೆ. ಅವರು ಆಡುತ್ತಿದ್ದದ್ದು ಇರಾನಿ ಭಾಷೆ. ಅವರ ಹೆಸರು ನಮ್ಮ ಪಂಚಾಂಗಕ್ಕೆ, ಪೂಜೆಯ ಸಂಕಲ್ಪಕ್ಕೆ, ಕೊನೆಗೆ ಇತಿಹಾಸದ ಪಠ್ಯಪುಸ್ತಕಕ್ಕೆ ಹೇಗೆ ಬಂದು ಕೂತಿತು ಅನ್ನುವುದು ನನಗೆ ತುಂಬಾ ಇಷ್ಟವಾದ ಕಥೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ‘ಇರಾನಿ’ ಅಂದ ತಕ್ಷಣ ಇವತ್ತಿನ ಇರಾನ್ ದೇಶದ ನಕ್ಷೆ ಕಣ್ಣ ಮುಂದೆ ಬರುತ್ತದೆ. ಅದನ್ನು ಸ್ವಲ್ಪ ಬದಿಗಿಡಿ. ಇದು ಭಾಷಾ ಕುಟುಂಬದ ಹೆಸರು. ದ್ರಾವಿಡ ಭಾಷೆ ಅಂದಾಗ ಬಲೂಚಿಸ್ತಾನದ ಬ್ರಾಹುಯಿಯೂ ಅದರಲ್ಲಿ ಸೇರುತ್ತದೆ ಅಲ್ವಾ, ಹಾಗೆ. ಫಾರ್ಸಿ, ಪಶ್ತೋ, ಕುರ್ದಿ, ಬಲೂಚಿ ಎಲ್ಲವೂ ಇರಾನಿ ಭಾಷೆಗಳು. ಸಂಸ್ಕೃತಕ್ಕೆ ಇವು ದಾಯಾದಿಗಳು. ಸಂಸ್ಕೃತದ ಸಕಾರ ಅಲ್ಲಿ ಹಕಾರವಾಗುತ್ತದೆ: ಸಪ್ತ ಅಲ್ಲಿ ಹಪ್ತ, ಸೋಮ ಅಲ್ಲಿ ಹೌಮ. ಹಳಗನ್ನಡದ ಪಾಲು, ಪುಲಿ, ಪೂ ಇವತ್ತು ಹಾಲು, ಹುಲಿ, ಹೂ ಆಗಿವೆಯಲ್ಲ, ಅಂಥದ್ದೇ ಒಂದು ನಿಯಮಬದ್ಧ ಬದಲಾವಣೆ. ಹಾಗೆಯೇ ಸಂಸ್ಕೃತದ ಶಕಾರಕ್ಕೆ ಅಲ್ಲಿ ಸಕಾರ. ನಮ್ಮ ಶತ ಅವರಿಗೆ ಸತ, ನಮ್ಮ ದಶ ಅವರಿಗೆ ದಸ. ಅದಕ್ಕೇ ನಮ್ಮ ಶಕರು ಅಲ್ಲಿ ಸಕರು. ಈ ಸಣ್ಣ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಬಂಡೆಯ ಮೇಲಿನ ಟೋಪಿ

ಪಶ್ಚಿಮ ಇರಾನಿನ ಕೆರ್ಮಾನ್‌ಶಾಹ್ ಊರಿನ ಹತ್ತಿರ ಬೆಹಿಸ್ತೂನ್ ಅನ್ನುವ ಬಂಡೆ ಇದೆ. ಕ್ರಿ.ಪೂ. 520ರ ಆಸುಪಾಸಿನಲ್ಲಿ ಪಾರಸಿಕ ದೊರೆ ಒಂದನೆಯ ದಾರಯವಹು, ಅಂದರೆ ಡೇರಿಯಸ್, ತಾನು ದಂಗೆಕೋರರನ್ನು ಬಗ್ಗುಬಡಿದ ಕಥೆಯನ್ನು ಅಲ್ಲಿ ಮೂರು ಭಾಷೆಗಳಲ್ಲಿ ಕೊರೆಸಿದ. ಚಿತ್ರವೂ ಇದೆ. ದೊರೆಯ ಕಾಲ ಕೆಳಗೆ ಒಬ್ಬ ಬಿದ್ದಿದ್ದಾನೆ. ಎದುರಿಗೆ ಕೈ ಹಿಂದಕ್ಕೆ ಕಟ್ಟಿಸಿಕೊಂಡ, ಕುತ್ತಿಗೆಗೆ ಹಗ್ಗ ಬಿಗಿಸಿಕೊಂಡ ಸೆರೆಯಾಳುಗಳ ಸಾಲು. ಸಾಲಿನ ಕೊನೆಯವನನ್ನು ದೂರದಿಂದಲೇ ಗುರುತಿಸಬಹುದು. ಅವನ ತಲೆಯ ಮೇಲೆ ಎಲ್ಲರಿಗಿಂತ ಎತ್ತರದ ಚೂಪು ಟೋಪಿ.

ಅವನ ಹೆಸರು ಸ್ಕುಂಖ. ಸಕರ ಮುಖಂಡ. ಮೂಲ ಚಿತ್ರದಲ್ಲಿ ಅವನು ಇರಲೇ ಇಲ್ಲ. ದಾರಯವಹು ಮುಂದಿನ ವರ್ಷ ಸಕರ ಮೇಲೆ ದಂಡೆತ್ತಿ ಹೋಗಿ, ನೀರು ದಾಟಿ, ಅವನನ್ನು ಹಿಡಿದು ತಂದ. ಆಮೇಲೆ ಬಂಡೆಯಲ್ಲಿ ಅವನಿಗೂ ಜಾಗ ಬೇಕಾಯಿತು. ಜಾಗವೆಲ್ಲಿದೆ? ಪಕ್ಕದಲ್ಲಿ ಈಗಾಗಲೇ ಕೆತ್ತಿದ್ದ ಎಲಮೈಟ್ ಭಾಷೆಯ ಬರಹವನ್ನು ಕಡಿದು ಅವನನ್ನು ಕೂರಿಸಿದರು. ಹಾಳಾದ ಆ ಬರಹವನ್ನು ಪೂರ್ತಿಯಾಗಿ ಇನ್ನೊಂದು ಕಡೆ ಮತ್ತೆ ಕೆತ್ತಬೇಕಾಯಿತು. ಒಬ್ಬ ಸೆರೆಯಾಳಿಗಾಗಿ ಇಷ್ಟು ಕೆಲಸ! ಸಕರನ್ನು ಗೆದ್ದದ್ದು ಆ ದೊರೆಗೆ ಎಷ್ಟು ದೊಡ್ಡ ಸಂಗತಿಯಾಗಿತ್ತು ಅನ್ನುವುದು ಇದರಿಂದಲೇ ತಿಳಿಯುತ್ತದೆ.

ಅದೇ ದೊರೆಯ ಸಮಾಧಿ ನಕ್ಷ್-ಎ-ರುಸ್ತಮ್ ಎಂಬಲ್ಲಿದೆ. ಅಲ್ಲಿನ ಶಾಸನ ಸಕರಲ್ಲಿ ಮೂರು ಬಗೆ ಹೇಳುತ್ತದೆ. ಸಕಾ ತಿಗ್ರಖೌದಾ, ಅಂದರೆ ಚೂಪು ಟೋಪಿಯವರು. ‘ತಿಗ್ರ’ ಸಂಸ್ಕೃತದ ತಿಗ್ಮಕ್ಕೆ ನೆಂಟ, ಚೂಪು ಅಂತ ಅರ್ಥ. ಸಕಾ ಹೌಮವರ್ಗಾ, ಅಂದರೆ ಹೌಮಕ್ಕೆ ಸಂಬಂಧಪಟ್ಟವರು. ಹೌಮ ನಮ್ಮ ವೇದದ ಸೋಮವೇ. ಸಕಾ ಪರದ್ರಯಾ, ಅಂದರೆ ಕಡಲಾಚೆಯವರು. ‘ದ್ರಯ’ ಅನ್ನುವುದೇ ಮುಂದೆ ದರಿಯಾ ಆಗಿದ್ದು.

ಆ ಟೋಪಿ ಪಾರಸಿಕ ಶಿಲ್ಪಿಯ ಕಲ್ಪನೆ ಇರಬಹುದೇ ಅಂತ ಅನುಮಾನ ಬಂದರೆ ಕಝಾಕಿಸ್ತಾನಕ್ಕೆ ಬರಬೇಕು. 1969ರಲ್ಲಿ ಅಲ್ಮಾಟಿ ನಗರದ ಹತ್ತಿರ ಇಸ್ಸಿಕ್ ಎಂಬಲ್ಲಿ ಒಂದು ಸಮಾಧಿ ದಿಬ್ಬ ಅಗೆದಾಗ ಒಬ್ಬ ಎಳೆಯ ವಯಸ್ಸಿನವರ ಅಸ್ಥಿಪಂಜರ ಸಿಕ್ಕಿತು. ಬಟ್ಟೆಯ ಮೇಲೆ ಸುಮಾರು 4,000 ಚಿನ್ನದ ತುಣುಕುಗಳು. ತಲೆಯ ಕಡೆ ಎರಡಡಿಗೂ ಎತ್ತರದ ಚೂಪು ಟೋಪಿಯ ಅಲಂಕಾರ. ‘ಚಿನ್ನದ ಮನುಷ್ಯ’ ಅಂತಲೇ ಹೆಸರಾಯಿತು. ಬಂಡೆಯ ಮೇಲೆ ಸ್ಕುಂಖ ಹಾಕಿಕೊಂಡಿರುವ ಟೋಪಿಗೆ ಮಣ್ಣಿನೊಳಗಿಂದ ಸಾಕ್ಷಿ ಸಿಕ್ಕಿತು.

ಒಂದು ಜನ, ಹತ್ತು ಕಿವಿ

ಈಗ ಹೆಸರಿನ ಗೋಜಲಿಗೆ ಬರೋಣ. ಇವರು ತಮ್ಮ ಬಗ್ಗೆ ತಾವೇ ಬರೆದಿಟ್ಟದ್ದು ಬಹಳ ಕಡಿಮೆ. ಹಾಗಾಗಿ ಮೊದಮೊದಲ ಹೆಸರೆಲ್ಲ ಪಕ್ಕದವರ ಕಿವಿಗೆ ಬಿದ್ದ ಹಾಗೆ ಬಂದಿದೆ.

ಗ್ರೀಕರು ಕಪ್ಪು ಸಮುದ್ರದ ಉತ್ತರದಲ್ಲಿದ್ದವರನ್ನು ಸ್ಕುಥಾಯ್ ಅಂದರು. ಇಂಗ್ಲಿಷ್ ಪುಸ್ತಕಗಳ ಸಿಥಿಯನ್ನರು ಇವರೇ. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಎರಡು ಬೆಲೆಬಾಳುವ ಮಾತು ಹೇಳುತ್ತಾನೆ. ಒಂದು, ಅವರು ತಮ್ಮನ್ನು ತಾವು ಸ್ಕೊಲೊಟೊಯ್ ಅಂದುಕೊಳ್ಳುತ್ತಾರೆ. ಇನ್ನೊಂದು, ಪಾರಸಿಕರು ಎಲ್ಲ ಸಿಥಿಯನ್ನರನ್ನೂ ಸಕರು ಅಂತಲೇ ಕರೆಯುತ್ತಾರೆ.

ಅವನಿಗಿಂತ ಇನ್ನೂರು ವರ್ಷ ಮುಂಚೆಯೇ ಅಸ್ಸೀರಿಯಾದವರು ಇವರನ್ನು ಅಷ್ಕುಝಾಯ್, ಇಷ್ಕುಝಾಯ್ ಅಂತ ಬರೆದಿದ್ದರು. ಅಸ್ಸೀರಿಯಾದ ದೊರೆ ಎಸರ್ಹದ್ದೋನ್ ಸೂರ್ಯದೇವನ ಮುಂದೆ ಕೇಳಿಸಿದ ಒಂದು ಪ್ರಶ್ನೆ ಮಣ್ಣಿನ ಹಲಗೆಯ ಮೇಲೆ ಉಳಿದಿದೆ. ಇಷ್ಕುಝಾದ ದೊರೆ ಬರ್ತತುವ ನನ್ನ ಮಗಳನ್ನು ಕೇಳಿದ್ದಾನೆ, ಕೊಟ್ಟರೆ ಅವನು ಒಪ್ಪಂದಕ್ಕೆ ನಿಯತ್ತಾಗಿರುತ್ತಾನಾ ಅಂತ. ಹೆಣ್ಣು ಕೊಡುವ ಮೊದಲು ದೇವರಲ್ಲಿ ಹೂ ಕೇಳುವ ತಂದೆಯ ಆತಂಕವೇ ಇದು. ಅಷ್ಕುಝ್ ಅನ್ನುವುದೇ ಹೀಬ್ರೂ ಬೈಬಲ್ಲಿನಲ್ಲಿ ಅಕ್ಷರ ಸ್ವಲ್ಪ ತಪ್ಪಿ ಅಷ್ಕೆನಝ್ ಆಯಿತು ಅಂತ ವಿದ್ವಾಂಸರು ಹೇಳುತ್ತಾರೆ. ಎಷ್ಟೋ ಕಾಲದ ಮೇಲೆ ಆ ಪದ ಜರ್ಮನಿ ಕಡೆಯ ಯಹೂದಿಗಳ ಹೆಸರಾಯಿತು. ಹೆಸರುಗಳ ಪ್ರಯಾಣ ನೋಡಿ!

ಸ್ಕುಥ, ಸ್ಕೊಲೊ, ಇಷ್ಕುಝ ಇವೆಲ್ಲ ಒಂದೇ ಹೆಸರಾ? ಹೌದು. ಮೂಲ ರೂಪ ‘ಸ್ಕುದ’ ಅಂತ ಇಟ್ಟುಕೊಂಡರೆ ಎಲ್ಲ ಬಿಡಿಸಿಕೊಳ್ಳುತ್ತದೆ. ಪದದ ಮೊದಲಲ್ಲೇ ಎರಡು ವ್ಯಂಜನ ಕೂಡಿ ಬಂದರೆ ಅಸ್ಸೀರಿಯಾದವರ ನಾಲಿಗೆಗೆ ಕಷ್ಟ, ಅದಕ್ಕೆ ಮುಂದೆ ಒಂದು ಸ್ವರ ಸೇರಿಸಿದರು. ನಮ್ಮ ಹಳ್ಳಿಗಳಲ್ಲಿ ಸ್ಕೂಲನ್ನು ‘ಇಸ್ಕೂಲು’ ಅನ್ನುವುದಿಲ್ವಾ? ಸ್ಕು ಇಸ್ಕು ಆದದ್ದು ಅದೇ ಕಾರಣಕ್ಕೆ. ಇನ್ನು ಸಿಥಿಯನ್ನರ ಮಾತಿನಲ್ಲೇ ಕಾಲ ಕಳೆದಂತೆ ದಕಾರ ಲಕಾರವಾಯಿತು, ಸ್ಕುದ ಸ್ಕುಲ ಆಯಿತು. ಸ್ಕೊಲೊಟೊಯ್ ಬಂದದ್ದು ಅಲ್ಲಿಂದ. ನಮ್ಮಲ್ಲೂ ಚೋಡ, ಚೋಳ ಎರಡೂ ಒಂದೇ ವಂಶದ ಹೆಸರಾಗಿ ಓಡಾಡಿವೆಯಲ್ಲ, ಅದಕ್ಕೆ ಹತ್ತಿರದ ಸಂಗತಿ.

ಸ್ಕುದ ಅಂದರೆ ಬಾಣ ಬಿಡುವವನು, ಬಿಲ್ಲುಗಾರ. ಇದನ್ನು ಎಳೆಎಳೆಯಾಗಿ ಬಿಡಿಸಿಟ್ಟವರು ಭಾಷಾವಿಜ್ಞಾನಿ ಓಸ್ವಾಲ್ಡ್ ಸೆಮೆರೇನಿ, 1980ರಲ್ಲಿ. ಇಂಗ್ಲಿಷಿನ ‘ಶೂಟ್’ ಕೂಡ ಇದೇ ಬೇರಿನದು. ಸಮರ್‌ಕಂದ್ ಕಡೆಯ ಸೋಗ್ದಿಯಾ ಎಂಬ ನಾಡಿನ ಹೆಸರೂ ಇದೇ ಸ್ಕುದದಿಂದಲೇ ಬಂದದ್ದು ಅಂತ ಅವರ ವಾದ.

ಹಾಗಾದರೆ ಸಕ? ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಸ್ಕುದ ಮತ್ತು ಸಕ ಕೇಳಲು ಹತ್ತಿರ ಅನ್ನಿಸಿದರೂ ಒಂದರಿಂದ ಇನ್ನೊಂದು ಹುಟ್ಟಿಲ್ಲ. ಇದು ಬೇರೆಯೇ ಪದ. ಇದರ ಅರ್ಥದ ಬಗ್ಗೆ ಮೂರು ವಾದಗಳಿವೆ. ಸೆಮೆರೇನಿ ಪ್ರಕಾರ ‘ಸಕ್’ ಅಂದರೆ ಹೋಗು, ತಿರುಗಾಡು. ಸಕ ಅಂದರೆ ಅಲೆಮಾರಿ. ಇನ್ನು ಕೆಲವರ ಪ್ರಕಾರ ಇದು ಸಂಸ್ಕೃತದ ‘ಶಕ್’ ಧಾತುವಿನ ಒಡಹುಟ್ಟು. ಶಕ್ತಿ, ಶಕ್ಯ ಬಂದದ್ದು ಅಲ್ಲಿಂದಲೇ, ಹಾಗಾಗಿ ಸಕರು ಅಂದರೆ ಬಲಶಾಲಿಗಳು. ಮೂರನೆಯದು ಒಸೆಟಿಯಾದ ವಿದ್ವಾಂಸ ಅಬಾಯೆವ್ ಅವರದು. ಕಾಕಸಸ್ ಬೆಟ್ಟಗಳಲ್ಲಿ ಇವತ್ತಿಗೂ ಆಡುವ ಒಸೆಟಿಕ್ ಭಾಷೆ ಸಿಥಿಯನ್ನರ ಮಾತಿಗೆ ಹತ್ತಿರದ ನೆಂಟ. ಅದರಲ್ಲಿ ‘ಸಾಗ್’ ಅಂದರೆ ಕವಲುಕೊಂಬಿನ ಜಿಂಕೆ. ನಮ್ಮ ಶಾಖೆ, ಅಂದರೆ ಕೊಂಬೆ, ಇದರ ಬಂಧು. ಸಕರು ಜಿಂಕೆಯನ್ನು ಕುಲದ ಗುರುತಾಗಿ ಇಟ್ಟುಕೊಂಡವರು ಅನ್ನುವುದು ಅವರ ವಾದ.

ನನಗೆ ಮೂರನೆಯದರ ಮೇಲೆ ಪ್ರೀತಿ ಜಾಸ್ತಿ. ಆ ಜನರ ಚಿನ್ನದ ಒಡವೆ, ಕಂಚಿನ ತಟ್ಟೆ, ಹೆಪ್ಪುಗಟ್ಟಿ ಉಳಿದ ದೇಹದ ಮೇಲಿನ ಹಚ್ಚೆ, ಎಲ್ಲಿ ನೋಡಿದರೂ ಕೊಂಬು ಬೆನ್ನುದ್ದಕ್ಕೂ ಹರಡಿಕೊಂಡ ಜಿಂಕೆ. ಆದರೆ ಪ್ರೀತಿ ಸಾಕ್ಷಿಯಾಗುವುದಿಲ್ಲ. ಮೂರರಲ್ಲಿ ಯಾವುದೂ ಇನ್ನೂ ಎಲ್ಲರೂ ಒಪ್ಪಿದ ಮಾತಲ್ಲ.

ಸುಮ್ನೆ ಉಚ್ಚಾರ ಹತ್ತಿರವಿದೆ ಅಂತ ಸಂಬಂಧ ಕಟ್ಟುವ ಚಾಳಿ ಇವತ್ತಿನದಲ್ಲ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ವಸಿಷ್ಠರ ಹಸು ಶಬಲೆ ವಿಶ್ವಾಮಿತ್ರನ ಸೈನ್ಯದ ಎದುರು ಪಡೆಗಳನ್ನು ಹುಟ್ಟಿಸುತ್ತದೆ. ಅಲ್ಲಿ ಯವನರು ಯೋನಿಯಿಂದ ಹುಟ್ಟುತ್ತಾರೆ, ಶಕರು ಶಕೃತ್ತಿನಿಂದ, ಅಂದರೆ ಸಗಣಿಯ ಜಾಗದಿಂದ! ಪದದ ಮೊದಲಕ್ಷರ ಹಿಡಿದು ಹುಟ್ಟು ಹೇಳಿದ ರೀತಿ ಅದು. ಮನುಸ್ಮೃತಿ ಬೇರೆ ಕಥೆ ಹೇಳುತ್ತದೆ: ಅವರು ಕ್ಷತ್ರಿಯರೇ, ಆಚಾರ ಬಿಟ್ಟು ಕೆಳಗಿಳಿದವರು. ಹೊರಗಿನಿಂದ ಬಂದ ಬಲವಾದ ಜನರನ್ನು ಎಲ್ಲಿ ಕೂರಿಸಬೇಕು ಅಂತ ನಮ್ಮವರು ಪಟ್ಟ ಕಷ್ಟ ಈ ಎರಡರಲ್ಲೂ ಕಾಣುತ್ತದೆ. ಬುದ್ಧನ ಶಾಕ್ಯ ಕುಲವೂ ಶಕರದ್ದೇ ಅಂತ ಹೇಳುವವರಿದ್ದಾರೆ. ಬೌದ್ಧ ಪರಂಪರೆ ಮಾತ್ರ ಆ ಹೆಸರನ್ನು ಶಾಕ ಮರಕ್ಕೆ, ಅಂದರೆ ತೇಗದ ಮರಕ್ಕೆ ಜೋಡಿಸುತ್ತದೆ. ಬರೀ ಸದ್ದಿನ ಹೋಲಿಕೆಯ ಮೇಲೆ ಇಷ್ಟು ದೊಡ್ಡ ಮಾತು ನಿಲ್ಲುವುದಿಲ್ಲ.

ಎಲ್ಲಿಂದ ಬಂದರು?

ಹೆರೊಡೋಟಸ್ ಮೂರು ಕಥೆ ಹೇಳುತ್ತಾನೆ. ಮೊದಲನೆಯದು ಸಿಥಿಯನ್ನರೇ ಹೇಳಿಕೊಳ್ಳುತ್ತಿದ್ದದ್ದು. ತರ್ಗಿತಾವ್ ಎಂಬ ಆದಿಪುರುಷನಿಗೆ ಮೂವರು ಮಕ್ಕಳು. ಆಕಾಶದಿಂದ ಚಿನ್ನದ ನೇಗಿಲು, ನೊಗ, ಕೊಡಲಿ, ಬಟ್ಟಲು ಬಿದ್ದವು. ದೊಡ್ಡವನು ಹತ್ತಿರ ಹೋದ, ಚಿನ್ನ ಉರಿಯಿತು. ಎರಡನೆಯವನು ಹೋದ, ಮತ್ತೆ ಉರಿಯಿತು. ಕಿರಿಯವನು ಹೋದಾಗ ಬೆಂಕಿ ಆರಿತು, ರಾಜ್ಯ ಅವನದಾಯಿತು. ಎರಡನೆಯದು ಗ್ರೀಕರ ಕಥೆ; ಅದರಲ್ಲಿ ಅವರ ವೀರ ಹೆರಾಕ್ಲೀಸ್, ಸೊಂಟದ ಕೆಳಗೆ ಹಾವಾಗಿರುವ ಹೆಣ್ಣು, ಬಿಲ್ಲು ಬಗ್ಗಿಸುವ ಪರೀಕ್ಷೆ ಎಲ್ಲ ಇದೆ. ಮೂರನೆಯದನ್ನು ಹೆರೊಡೋಟಸ್ ತಾನೇ ನಂಬುತ್ತೇನೆ ಅನ್ನುತ್ತಾನೆ: ಅವರು ಏಷ್ಯಾದಲ್ಲಿದ್ದ ಅಲೆಮಾರಿಗಳು, ಇನ್ನೊಂದು ಜನ ಒತ್ತಿದ್ದರಿಂದ ನದಿ ದಾಟಿ ಪಶ್ಚಿಮಕ್ಕೆ ಬಂದರು.

ಅವನು ಹೇಳಿದ ದಿಕ್ಕು ಸರಿ ಅನ್ನುವುದಕ್ಕೆ ಸಾಕ್ಷಿ ಸಿಕ್ಕಿದ್ದು 1970ರ ದಶಕದಲ್ಲಿ. ದಕ್ಷಿಣ ಸೈಬೀರಿಯಾದ ತುವಾ ನಾಡಿನಲ್ಲಿ ಅರ್ಝಾನ್ ಎಂಬಲ್ಲಿ ನೂರು ಮೀಟರಿಗೂ ಅಗಲದ ಒಂದು ಸಮಾಧಿ ದಿಬ್ಬವನ್ನು ಅಗೆದರು. ಒಳಗೆ ಚಕ್ರದ ಅರೆಗಳಂತೆ ಮರದ ದಿಮ್ಮಿಗಳ ಕೋಣೆಗಳು, ಸುಮಾರು 160 ಕುದುರೆಗಳ ಅಸ್ಥಿ, ಮತ್ತು ಮೈಯನ್ನು ಉಂಗುರದಂತೆ ಸುತ್ತಿಕೊಂಡ ಚಿರತೆಯಂಥ ಪ್ರಾಣಿಯ ಕಂಚಿನ ಬಿಲ್ಲೆ. ಕಾಲ ಕ್ರಿ.ಪೂ. 9ನೇ ಶತಮಾನದ ಕೊನೆ ಅಥವಾ 8ನೆಯದರ ಮೊದಲು. ಕಪ್ಪು ಸಮುದ್ರದ ಕಡೆ ಇಂಥದ್ದೇ ಕಲೆ ಕಾಣಿಸಿಕೊಳ್ಳುವುದು ಆಮೇಲೆ. ಅಂದರೆ ಆ ಬದುಕಿನ ರೀತಿ ಪೂರ್ವದಲ್ಲಿ ಮೊಳೆತು ಹುಲ್ಲುಗಾವಲಿನ ಉದ್ದಕ್ಕೂ ಪಶ್ಚಿಮಕ್ಕೆ ಹಬ್ಬಿದೆ.

ಆದರೆ ಅರ್ಝಾನಿನಿಂದ ಹೊರಟ ಒಂದೇ ರಕ್ತದ ಒಂದೇ ಗುಂಪು ಎಲ್ಲ ಕಡೆ ತುಂಬಿಕೊಂಡಿತು ಅಂತ ಅಂದುಕೊಳ್ಳಬೇಡಿ. ಹಳೆಯ ಎಲುಬುಗಳ ಡಿಎನ್‌ಎ ಬೇರೆಯದನ್ನೇ ಹೇಳುತ್ತದೆ. ಪೂರ್ವದ ಸಕರಲ್ಲಿ ಪೂರ್ವ ಏಷ್ಯಾದ ರಕ್ತ ಸಾಕಷ್ಟಿದೆ, ಪಶ್ಚಿಮದವರಲ್ಲಿ ಕಡಿಮೆ. ಕುದುರೆಯ ಸಾಜು, ಬಿಲ್ಲು, ಪ್ರಾಣಿಚಿತ್ರದ ಕಲೆ ಇವು ಅವರೆಲ್ಲರಿಗೂ ಸಮಾನ. ವಂಶ ಅಲ್ಲ.

ಭಾರತದ ಕಡೆ ಅವರನ್ನು ತಳ್ಳಿದ್ದು ಚೀನಾದ ಗಡಿಯಲ್ಲಿ ಎದ್ದ ಜಗಳ. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಲ್ಲಿ ಹತ್ತಿದವರು ತಳ್ಳಿದರೆ ಮುಂದಿನ ಬಾಗಿಲಲ್ಲಿ ನಿಂತವರು ಇಳಿಯಬೇಕಾಗುತ್ತದಲ್ಲ, ಅದೇ ಕಥೆ. ಕ್ರಿ.ಪೂ. 2ನೇ ಶತಮಾನದಲ್ಲಿ ಶಿಯೊಂಗ್ನು ಎಂಬವರು ಯೂಝಿ ಎಂಬವರನ್ನು ಓಡಿಸಿದರು. ಯೂಝಿಗಳು ಇಲಿ ನದಿಯ ಕಣಿವೆಗೆ ಬಂದು ಅಲ್ಲಿದ್ದ ಸಕರನ್ನು ಓಡಿಸಿದರು. ಚೀನೀ ಇತಿಹಾಸ ಇವರನ್ನು ‘ಸೈ’ ಅನ್ನುತ್ತದೆ. ಆ ಅಕ್ಷರದ ಹಳೆಯ ಉಚ್ಚಾರ ‘ಸಕ್’ಗೆ ಹತ್ತಿರ. ಸಕರು ದಕ್ಷಿಣಕ್ಕೆ ಇಳಿದು ಪಾರ್ಥಿಯನ್ ದೊರೆಗಳ ನಿದ್ದೆ ಕೆಡಿಸಿ, ಇವತ್ತಿನ ಇರಾನ್-ಅಫ್ಘಾನಿಸ್ತಾನ ಗಡಿಯ ಝ್ರಂಕ ಎಂಬ ನಾಡಿನಲ್ಲಿ ನೆಲೆ ನಿಂತರು. ಆ ನಾಡಿಗೆ ಸಕಸ್ತಾನ ಅಂತ ಹೆಸರಾಯಿತು. ಅದೇ ಸವೆದು ಈಗ ಸಿಸ್ತಾನ್.

ಯ್ಸ ಎಂಬ ಅಕ್ಷರ

ಅಲ್ಲಿಂದ ಸಿಂಧೂ ಬಯಲು, ತಕ್ಷಶಿಲೆ, ಮಥುರಾ, ಗುಜರಾತ್, ಮಾಳವ. ಪಶ್ಚಿಮ ಭಾರತದಲ್ಲಿ ಆಳಿದವರು ತಮ್ಮನ್ನು ಕ್ಷತ್ರಪರು ಅಂದುಕೊಂಡರು. ಅದೂ ಇರಾನಿ ಪದ, ರಾಜ್ಯ ಕಾಯುವವನು ಅಂತ.

ಇಲ್ಲಿ ನನಗೆ ಬಹಳ ಹಿಡಿಸಿದ ಒಂದು ಸಣ್ಣ ವಿಷಯವಿದೆ. ಕ್ಷತ್ರಪ ಚಷ್ಟನ ತನ್ನ ನಾಣ್ಯಗಳ ಮೇಲೆ ಅಪ್ಪನ ಹೆಸರು ಬರೆಸಿದ್ದಾನೆ: ಯ್ಸಾಮೋತಿಕ. ಈ ‘ಯ್ಸ’ ಯಾವ ಅಕ್ಷರ? ಭಾರತದ ಯಾವ ಹೆಸರೂ ಹೀಗೆ ಶುರುವಾಗುವುದಿಲ್ಲ. ಅವರ ಭಾಷೆಯಲ್ಲಿದ್ದ ‘ಜ಼’ ಧ್ವನಿಗೆ ಬ್ರಾಹ್ಮಿ ಲಿಪಿಯಲ್ಲಿ ಅಕ್ಷರವೇ ಇರಲಿಲ್ಲ. ನಾವು ಜ ಕೆಳಗೆ ಎರಡು ಚುಕ್ಕೆ ಇಟ್ಟ ಹಾಗೆ ಅವರು ಯಕಾರ-ಸಕಾರ ಸೇರಿಸಿ ಒಂದು ದಾರಿ ಮಾಡಿಕೊಂಡರು. ಹೆಸರು ಓದಬೇಕಾದದ್ದು ಜ಼ಾಮೋತಿಕ ಅಂತ. ಸೋಜಿಗವೆಂದರೆ ಇದೇ ಉಪಾಯ ಹಿಮಾಲಯದ ಆಚೆ, ಖೋತಾನಿನಲ್ಲಿ ಸಿಕ್ಕ ಬೌದ್ಧ ಹಸ್ತಪ್ರತಿಗಳಲ್ಲೂ ಇದೆ. ಸಕರ ಭಾಷೆ ಬರಹದಲ್ಲಿ ತುಂಬಾ ಉಳಿದದ್ದು ಅಲ್ಲಿ ಮಾತ್ರ, ಸುಮಾರು ಕ್ರಿ.ಶ. 1000ದವರೆಗೆ. ಆ ಭಾಷೆಯಲ್ಲಿ ‘ಯ್ಸಮ’ ಅಂದರೆ ಭೂಮಿ. ಅದೇ ಪಶ್ಚಿಮ ಭಾರತದಲ್ಲಿ ಭೂಮಕ ಎಂಬ ಕ್ಷತ್ರಪ ಇದ್ದ. ಯ್ಸಾಮೋತಿಕನ ಹೆಸರಿನ ಅನುವಾದವೇ ಭೂಮಕ, ಇಬ್ಬರೂ ಒಬ್ಬನೇ ಅನ್ನುವ ವಿದ್ವಾಂಸರಿದ್ದಾರೆ.

ಈ ಮನೆಯ ನಾಲ್ಕು ತಲೆಮಾರಿನ ಹೆಸರು ಸಾಲಾಗಿ ಓದಿ: ಯ್ಸಾಮೋತಿಕ, ಚಷ್ಟನ, ಜಯದಾಮ, ರುದ್ರದಾಮ. ಮೊದಲೆರಡು ಪರದೇಶದವು. ಕೊನೆಯೆರಡು ನಮ್ಮ ನೆರೆಮನೆಯವು. ಆ ರುದ್ರದಾಮ ಕ್ರಿ.ಶ. 150ರ ಹೊತ್ತಿಗೆ ಗಿರಿನಗರದ ಕೆರೆಯ ಏರಿ ಕಟ್ಟಿಸಿ ಜುನಾಗಢದ ಬಂಡೆಯ ಮೇಲೆ ಬರೆಸಿದ್ದು ಒಳ್ಳೆಯ ಸಂಸ್ಕೃತ ಗದ್ಯ. ಸಂಸ್ಕೃತದಲ್ಲಿ ಅಷ್ಟು ದೊಡ್ಡ ಶಾಸನ ಅದಕ್ಕಿಂತ ಮುಂಚೆ ಸಿಕ್ಕಿಲ್ಲ.

ಆ ಶಾಸನದಲ್ಲಿ ವರ್ಷ 72 ಅಂತಿದೆ. ಕಚ್ಛದ ಅಂಧೌ ಶಾಸನಗಳಲ್ಲಿ ವರ್ಷ 52. ಎರಡಕ್ಕೂ 78 ಕೂಡಿಸಿದರೆ ಕ್ರಿ.ಶ. 150 ಮತ್ತು 130 ಬರುತ್ತದೆ. ನಮ್ಮ ಶಕವರ್ಷದ ಲೆಕ್ಕ ಇದೇ. ಕ್ರಿ.ಶ. 78ರಲ್ಲಿ ಇದನ್ನು ಶುರು ಮಾಡಿದ್ದು ಕನಿಷ್ಕ ಅಂತ ಹಿಂದೆ ಹೇಳುತ್ತಿದ್ದರು, ಈಗ ಚಷ್ಟನ ಅನ್ನುವವರು ಹೆಚ್ಚು. ಯಾರೇ ಶುರು ಮಾಡಿರಲಿ, ಮುನ್ನೂರು ವರ್ಷ ಬಿಡದೆ ಎಣಿಸಿ ಉಳಿಸಿದವರು ಕ್ಷತ್ರಪರು.

ಹಾಗಾದರೆ ‘ಶಾಲಿವಾಹನ’ ಎಲ್ಲಿಂದ ಬಂದ? ಶಾಲಿವಾಹನ ಅಂದರೆ ಸಾತವಾಹನ. ಸಾತವಾಹನರು ಶಕರ ಕಡುವೈರಿಗಳು. ಗೌತಮೀಪುತ್ರ ಸಾತಕರ್ಣಿ ಕ್ಷತ್ರಪ ನಹಪಾನನನ್ನು ಸೋಲಿಸಿ ಅವನ ನಾಣ್ಯಗಳ ಮೇಲೆ ತನ್ನ ಮುದ್ರೆ ಒತ್ತಿಸಿದ. ನಾಸಿಕದ ಹತ್ತಿರ ಜೋಗಲ್‌ತೆಂಭಿಯಲ್ಲಿ ಸಿಕ್ಕ 13,000ಕ್ಕೂ ಹೆಚ್ಚು ನಾಣ್ಯಗಳಲ್ಲಿ ಬಹುಪಾಲು ಹಾಗೆ ಮರುಮುದ್ರೆಯಾದವು. ಅವನ ತಾಯಿ ಬಲಶ್ರೀ ನಾಸಿಕದ ಗುಹೆಯಲ್ಲಿ ಮಗನನ್ನು ಶಕ, ಯವನ, ಪಹ್ಲವರನ್ನು ಸದೆಬಡಿದವನು ಅಂತ ಹೊಗಳಿದ್ದಾಳೆ. ಸಾತವಾಹನರು ಶಕವರ್ಷವನ್ನು ಬಳಸಲೇ ಇಲ್ಲ, ಆಯಾ ದೊರೆಯ ಆಳ್ವಿಕೆಯ ವರ್ಷವನ್ನೇ ಎಣಿಸಿದರು. ಸಾವಿರ ವರ್ಷ ಕಳೆದ ಮೇಲೆ, ಶಕರು ಯಾರೆಂಬುದೇ ಮರೆತಾಗ, ಜನ ಆ ವರ್ಷಕ್ಕೆ ಶಾಲಿವಾಹನನ ಹೆಸರು ಜೋಡಿಸಿದರು. ವಿಜಯನಗರದ ಶಾಸನಗಳ ಹೊತ್ತಿಗೆ ‘ಸ್ವಸ್ತಿ ಶ್ರೀ ಜಯಾಭ್ಯುದಯ ಶಾಲಿವಾಹನ ಶಕ ವರುಷ’ ಅನ್ನುವುದು ರೂಢಿಯ ಮಾತಾಗಿತ್ತು. ಗೆದ್ದವನ ಹೆಸರು, ಸೋತವರ ಹೆಸರು ಒಂದೇ ಉಸಿರಿನಲ್ಲಿ. ಮುಂದೆ ‘ಶಕ’ಕ್ಕೆ ಕಾಲ ಅನ್ನುವ ಅರ್ಥ ಮಾತ್ರ ಉಳಿಯಿತು. ಅದಕ್ಕೇ ಕ್ರಿಸ್ತನಿಗೂ ಒಂದು ಶಕ ಸಿಕ್ಕಿತು, ದೊಡ್ಡವರು ಶಕಪುರುಷರಾದರು.

ನಮ್ಮ ಹಳೆಯ ಶಾಸನಗಳಿಗೆ ಮಾತ್ರ ಇದು ಜನರ ಹೆಸರು ಅನ್ನುವುದು ಚೆನ್ನಾಗಿ ಗೊತ್ತಿತ್ತು. ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ‘ಶಕ ದೊರೆಗಳ’ 556 ವರ್ಷ ಕಳೆದಾಗ ಅಂತ ಲೆಕ್ಕ ಕೊಡುತ್ತಾನೆ. ಆಮೇಲಿನ ಕನ್ನಡ ಶಾಸನಗಳು ‘ಸಕನೃಪಕಾಲಾತೀತ ಸಂವತ್ಸರ’ ಅಂತ ಶುರುವಾಗುತ್ತವೆ. ಶ ಅಲ್ಲ, ಸ. ಕನ್ನಡದ ನಾಲಿಗೆ ಗೊತ್ತಿಲ್ಲದೆಯೇ ಸ್ಕುಂಖನ ಜನರ ಹೆಸರನ್ನು ಬೆಹಿಸ್ತೂನಿನ ಬಂಡೆಯ ಮೇಲಿದ್ದ ಹಾಗೇ ಉಚ್ಚರಿಸಿತು.

ಬಾದಾಮಿಗೆ ಹೋದರೆ ಮೂರನೇ ಗುಹೆಯಲ್ಲಿ ಸ್ವಲ್ಪ ನಿಂತು ನೋಡಿ. ಮಂಗಲೇಶ ವಿಷ್ಣುವಿಗಾಗಿ ಕೊರೆಸಿದ ಗುಹೆ, ಕ್ರಿ.ಶ. 578, ಕಾರ್ತಿಕ ಹುಣ್ಣಿಮೆ. ಎಲ್ಲರೂ ಶಿಲ್ಪಗಳ ಫೋಟೋ ತೆಗೆಯುತ್ತಾರೆ. ಅಲ್ಲಿನ ಶಾಸನ ಕಾಲ ಹೇಳುವ ಸಾಲು ಹೀಗಿದೆ: ‘ಶಕನೃಪತಿ ರಾಜ್ಯಾಭಿಷೇಕ ಸಂವತ್ಸರೇಷು ಅತಿಕ್ರಾಂತೇಷು ಪಂಚಸು ಶತೇಷು’. ಶಕರ ದೊರೆಗೆ ಪಟ್ಟ ಕಟ್ಟಿ ಐನೂರು ವರ್ಷ ಕಳೆದಾಗ. ಆ ದೊರೆಯ ಹೆಸರನ್ನು ಮಂಗಲೇಶ ಬರೆಸಿಲ್ಲ. ಅವನ ಜನರ ಹೆಸರನ್ನಷ್ಟೇ ಬರೆಸಿದ್ದಾನೆ.